ಬರೆದಿಡದೆ ಮುಟ್ಟಿದ್ದು

"ಯಾರದಪ್ಪಾ ಈ ಹೊಸ ಗಿಟಾರು?" ಎಂದು ರಿಪೇರಿ ಅಂಗಡಿಯ ಬಾಗಿಲಲ್ಲೇ ನಿಂತು ಡಬ್ಬಣ್ಣ ಕೇಳಿದಾಗ ಒಳಗೆ ನುಡಿಸುತ್ತ ಕೂತಿದ್ದವನ ಬೆರಳು ತಂತಿಯ ಮೇಲೇ ನಿಂತುಬಿಟ್ಟಿತು. ಅವನ ಬೆನ್ನು ಬಾಗಿಲ ಕಡೆಗಿತ್ತು. ತೊಡೆಯ ಮೇಲಿದ್ದದ್ದು ಡಬ್ಬಣ್ಣನಿಗೆ ಕಾಣುವಂತಿರಲಿಲ್ಲ. ಕಂಡಿದ್ದರೆ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎಣ್ಣೆ ಡಬ್ಬ ಬಡಿದು ತಾಳ ಕಲಿತವನೆಂದು ಆ ಹೆಸರು ಅಂಟಿಕೊಂಡಿದ್ದ ಡಬ್ಬಣ್ಣ, ಹತ್ತೊಂಬತ್ತು ವರ್ಷ ಹೋಟೆಲಿನ ಬ್ಯಾಂಡಿನಲ್ಲಿ ಇವನ ಅಣ್ಣನ ಹಿಂದೆ ಒಂದು ಮಾರು ದೂರದಲ್ಲಿ ಕೂತು ಡ್ರಮ್ಮು ಬಾರಿಸಿದವನು. "ಯಾರದೋ," ಎಂದ ಇವನು, ತಿರುಗದೆ. "ಚೆನ್ನಾಗಿದೆ ಬಿಡು, ಖಣಖಣ ಅಂತಿದೆ. ನಿಮ್ಮಣ್ಣಂದು ಹೆಂಗಿತ್ತು ನೆನಪಿದ್ಯಾ? ಕಂಬಳಿ ಹೊದ್ಕೊಂಡು ಮಾತಾಡಿದ ಹಾಗೆ. ಹೋಯ್ತು, ಅಂಥದ್ದು ಇನ್ನೆಲ್ಲಿ ಕೇಳ್ತೀವಿ," ಎಂದು, ರಿಪೇರಿಗೆ ಕೊಟ್ಟಿದ್ದ ಮೈಕಿನ ವಯರನ್ನು ಗೋಡೆಯ ಮೊಳೆಯಿಂದ ತಾನೇ ತೆಗೆದು ಹೆಗಲಿಗೆ ಹಾಕಿಕೊಂಡು ಹೋದ. ಮೆಟ್ಟಿಲಿಳಿಯುವಾಗ ಕೈಕಂಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದದ್ದು ಕೇಳಿಸಿತು. ಇವನ ತೊಡೆಯ ಮೇಲಿದ್ದದ್ದು ಅಣ್ಣನ ಗಿಟಾರು.

ಹನ್ನೊಂದು ಗಂಟೆ. ನಾಲ್ಕಕ್ಕೆ ಅತ್ತಿಗೆ ಬರುತ್ತಾಳೆ. ಮೊನ್ನೆ ಅವಳು ಇದನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಎರಡು ಕೈಯಲ್ಲೂ ಎತ್ತಿಕೊಂಡು ಬಂದಿದ್ದಳು. "ಈ ಸಣ್ಣ ತಿರುಗಣೆ ತಿರುಗಿಸಿದ್ರೆ ಕರಕರ ಅನ್ನುತ್ತೆ. ಅಷ್ಟು ನೋಡಿಬಿಡು. ಬೇರೆ ಏನೂ ಬೇಡ." ಯಾರು ನುಡಿಸ್ತಾರೆ ಅತ್ತಿಗೆ ಎಂದು ಇವನು ಸುಮ್ಮನೆ ಕೇಳಿದ್ದ, ಅಣ್ಣ ಹೋಗಿ ಎಂಟು ತಿಂಗಳಾಗಿತ್ತು. ಅವಳು ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡು, "ನುಡಿಸೋದು ಎಲ್ಲಿ ಬಂತು ನಂಗೆ. ಸಂಜೆ ಒಂದ್ಸಲ ಆನ್ ಮಾಡ್ತೀನಿ. ಆರು ತಂತೀನೂ ಒಂದೊಂದ್ಸಲ ಮೀಟ್ತೀನಿ, ಆಫ್ ಮಾಡ್ತೀನಿ. ನಿಮ್ಮಣ್ಣ ಶುರು ಮಾಡೋಕೆ ಮುಂಚೆ ಹಂಗೆ ಮಾಡ್ತಿದ್ರಲ್ಲ, ಅಷ್ಟೇ," ಎಂದಿದ್ದಳು. ಇವನು ತಿರುಗಣೆಯ ಕಡೆ ನೋಡುತ್ತ, "ಧೂಳು ಕೂತಿರುತ್ತೆ, ಹತ್ತು ನಿಮಿಷದ ಕೆಲಸ," ಎಂದಿದ್ದ. ನಿಜಕ್ಕೂ ಹತ್ತು ನಿಮಿಷದ ಕೆಲಸವೇ. ಹತ್ತು ನಿಮಿಷಕ್ಕೆ ನಿಲ್ಲಿಸಿದ್ದರೆ ಇವತ್ತು ಈ ಹೊತ್ತಿಗೆ ಅವನೂ ಎಲ್ಲರ ಹಾಗೆ ಟೀ ಕುಡಿಯುತ್ತ ಕೂತಿರುತ್ತಿದ್ದ.

ಅವನಿಗೆ ಕೆಲಸ ಕಲಿಸಿದ ಯಜಮಾನ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ದಿನಕ್ಕೊಮ್ಮೆ ಹೇಳುತ್ತಿದ್ದದ್ದು ಒಂದೇ ಮಾತು, ಬರೆದಿಡದೆ ಮುಟ್ಟಬೇಡ. ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಪಿಕಪ್ಪಿನಲ್ಲಿ ಆರು ಅಯಸ್ಕಾಂತದ ಕಡ್ಡಿಗಳು, ತಂತಿಗೊಂದರಂತೆ. ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸಾವಿರಾರು ಸುತ್ತು. ತಂತಿ ನಡುಗಿದ್ದನ್ನು ಕಡ್ಡಿ ಗ್ರಹಿಸುತ್ತದೆ, ತಾಮ್ರ ಸಾಗಿಸುತ್ತದೆ, ಸ್ಪೀಕರು ಹೇಳುತ್ತದೆ. ಕಡ್ಡಿಗಳು ಮನುಷ್ಯರ ಹಾಗೆ, ವರ್ಷ ಕಳೆದಂತೆ ಬಲ ಕಳೆದುಕೊಳ್ಳುತ್ತವೆ, ಎಲ್ಲವೂ ಒಂದೇ ಸಮ ಅಲ್ಲ. ಬಲ ತುಂಬುವುದು ಸುಲಭ. ಅವನ ಬೆಂಚಿಗೆ ಬಿಗಿದ ವೈಸಿನ ಎರಡು ದವಡೆಗೂ ಮುಷ್ಟಿಗಾತ್ರದ ಅಯಸ್ಕಾಂತಗಳಿವೆ, ಅವುಗಳ ನಡುವೆ ಪಿಕಪ್ಪನ್ನು ಒಮ್ಮೆ ಹಾಯಿಸಿದರೆ ಸಾಕು. ಕಮ್ಮಿ ಮಾಡುವುದು ನಾಜೂಕಿನ ಕೆಲಸ. ಸಣ್ಣ ಅಯಸ್ಕಾಂತವನ್ನು ತಿರುಗುಮುರುಗಾಗಿ ಹಿಡಿದು, ಕಡ್ಡಿಯ ಹತ್ತಿರ ತಂದು, ದೂರ ತೆಗೆದು, ಮೀಟರಿನಲ್ಲಿ ಅಳೆದು, ಮತ್ತೆ ಹತ್ತಿರ ತರಬೇಕು. ಆದ್ದರಿಂದ ಮೊದಲು ಆರು ಕಡ್ಡಿಗಳ ಬಲ ಅಳೆದು ಆರು ಅಂಕಿ ಕಾಗದದ ಪಟ್ಟಿಯ ಮೇಲೆ ಬರೆದು ಪಿಕಪ್ಪಿನ ಬೆನ್ನಿಗೆ ಅಂಟಿಸಬೇಕು. ಇಪ್ಪತ್ತಾರು ವರ್ಷ ಅವನು ಹಾಗೇ ಮಾಡಿದ್ದ. ಶಾಲೆಯ ಮಕ್ಕಳು ತರುವ, ಆಟದ ಸಾಮಾನಿಗಿಂತ ಕಡೆಯಾದ ಗಿಟಾರುಗಳಿಗೂ ಅಂಕಿ ಬರೆದಿದ್ದ. ಬರೆಯದೆ ಮುಟ್ಟಿದ್ದು ಅಣ್ಣನದನ್ನು ಮಾತ್ರ.

ಮರೆತದ್ದಲ್ಲ. ಮರೆತೆ ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳಲು ನೋಡುತ್ತಿದ್ದ, ಆಗಲಿಲ್ಲ. ನಿನ್ನೆ ಮಧ್ಯಾಹ್ನ ಅಣ್ಣನ ಹಳೆಯ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ, ಮುರಿಯದ ಹಾಗೆ ಸುತ್ತಿ, ಅದೇ ತಂತಿಗಳನ್ನೇ ಮತ್ತೆ ಕಟ್ಟಬೇಕೆಂದು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದ. ಅಷ್ಟು ಜೋಪಾನ. ತಿರುಗಣೆಯ ಧೂಳು ಊದಿ, ಎರಡು ಹನಿ ಸ್ಪಿರಿಟ್ ಬಿಟ್ಟಿದ್ದ. ಆಮೇಲೆ ಪಕ್ಕದ ಸ್ವಿಚ್ಚಿನ ಕಡೆ ಕಣ್ಣು ಹೋಯಿತು. ಅಲ್ಲಿ ಹೊಸ ಬೆಸುಗೆ ಇತ್ತು. ತನ್ನದಲ್ಲ. ದಪ್ಪ ದಪ್ಪ, ಮೂಗಿನ ತುದಿಯ ನೆಗಡಿಯ ಹಾಗೆ ಜೋತುಬಿದ್ದ ಬೆಸುಗೆ. ಮಾರುಕಟ್ಟೆಯ ಹಿಂದಿನ ಆ ರೇಡಿಯೋ ರಿಪೇರಿಯವನದೇ ಎಂದು ನೋಡಿದರೆ ಸಾಕು ಗೊತ್ತಾಗುತ್ತದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು. ಎರಡು ವರ್ಷದ ಹಿಂದಿನದು. ಆಗ ಪ್ರತಿ ಭಾನುವಾರ ಅಣ್ಣ ಇವನ ಮನೆಗೆ ಊಟಕ್ಕೆ ಬರುತ್ತಿದ್ದ. ಒಡಹುಟ್ಟಿದವನು ಇದೇ ಕೆಲಸ ಮಾಡಿಕೊಂಡು ಬದುಕುತ್ತಿರುವಾಗ, ಮೂರು ವಯರಿನ ಒಂದು ಸ್ವಿಚ್ಚನ್ನು ಕೂಡ ಕೊಡಲಿಲ್ಲವಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಿಜ. ಆದರೆ ಹಿತ್ತಲ ಗಿಡಕ್ಕೂ ಒಂದು ಹೊಟ್ಟೆ ಇರುತ್ತದೆ, ಅದೂ ಉರಿಯುತ್ತದೆ. ಅವನು ಪಿಕಪ್ಪನ್ನು ಬಿಚ್ಚಿ ತೆಗೆದ. ಪಟ್ಟಿ, ಪೆನ್ನು, ಮೀಟರು ಎಲ್ಲ ಕೈಗೆ ಎಟಕುವಲ್ಲೇ ಇದ್ದವು. ಬರೆದಿಡುವುದು ವಾಪಸು ಹೋಗಬೇಕಾದವರು ಮಾಡುವ ಕೆಲಸ. ವಾಪಸು ಹೋಗುವ ಮನಸ್ಸು ಅವನಿಗಿರಲಿಲ್ಲ.

ಮದುವೆಯ ಪಾರ್ಟಿಯೊಂದರಲ್ಲಿ, ಬ್ಯಾಂಡಿನವರೆಲ್ಲ ಕುರ್ಚಿ ಎಳೆದುಕೊಂಡು ಕೂತಿದ್ದಾಗ, ಇವನು ತಟ್ಟೆ ಹಿಡಿದುಕೊಂಡೇ ಹೇಳಿದ್ದ, "ಅಣ್ಣಾ, ಒಂದ್ಸಲ ನನ್ ಕೈಗೆ ಕೊಡು. ಮ್ಯಾಗ್ನೆಟ್ ಸುಸ್ತಾಗಿವೆ, ಚಾರ್ಜ್ ಮಾಡಿಕೊಡ್ತೀನಿ. ನಾಲ್ಕನೇ ತಂತಿ ಅಂತೂ ಸತ್ತೇಹೋಗಿದೆ." ಅಣ್ಣ ನಕ್ಕು, ಎಲ್ಲರಿಗೂ ಕೇಳುವ ಹಾಗೆ, "ಇವನ ಕೈಗೆ ಸಿಕ್ಕಿದ್ರೆ ನಮ್ಮಜ್ಜಿಗೂ ಹಲ್ಲು ಕಟ್ಟಿಸಿ ಮದುವೆ ಮಾಡಿಸಿಬಿಡ್ತಾನೆ ಕಣ್ರೋ," ಎಂದಿದ್ದ. ಎಲ್ಲ ಗೊಳ್ಳೆಂದು ನಕ್ಕರು. ಇವನೂ ನಕ್ಕ. ಆಮೇಲೆ ಅಣ್ಣ ಮೆಲ್ಲಗೆ, "ಹಾಗೇ ಇರ್ಲಿ ಬಿಡೋ. ನಂಗೆ ಅಭ್ಯಾಸ ಆಗಿದೆ," ಎಂದು ಭುಜ ತಟ್ಟಿದ್ದ. ಆ ತಟ್ಟಿದ್ದು ಮರೆತು ನಗು ಮಾತ್ರ ಹನ್ನೆರಡು ವರ್ಷ ಉಳಿದಿತ್ತು. ನಿನ್ನೆ ಪಿಕಪ್ಪು ಎರಡು ದವಡೆಯ ನಡುವೆ ಹಾಯುವಾಗ ಕೈಯನ್ನೇ ಎಳೆದುಕೊಳ್ಳುವಂತೆ ಟಕ್ಕೆಂದು ಜಗ್ಗಿತು, ಅವನಿಗೆ ಸಣ್ಣ ಸುಖವೂ ಆಯಿತು. ನೋಡು, ಕೊನೆಗೂ ನನ್ನ ಕೈಗೇ ಬಂದೆ. ಸತ್ತ ಅಣ್ಣನ ಮೇಲೆ ಗೆದ್ದ ತಮ್ಮ. ಯಾರಾದರೂ ನೋಡಿದ್ದರೆ ಉಗಿಯುತ್ತಿದ್ದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಬ್ಬಣ್ಣ ಹೋದ ಮೇಲೆ ಅವನು ಅಂಗಡಿಯ ಬಾಗಿಲು ಅರ್ಧ ಎಳೆದು, ಮತ್ತೆ ತಂತಿ ಸಡಿಲಿಸಿ, ಸಣ್ಣ ಅಯಸ್ಕಾಂತ ಕೈಗೆತ್ತಿಕೊಂಡ. ಬಲ ಕಮ್ಮಿ ಮಾಡಬಹುದು, ಎಷ್ಟು ಬೇಕಾದರೂ ಮಾಡಬಹುದು. ಆದರೆ ಎಲ್ಲಿಗೆ ನಿಲ್ಲಿಸುವುದು? ದಾರಿ ಇತ್ತು, ಊರು ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿದ. ಎರಡು ವಿಡಿಯೋ ಸಿಕ್ಕವು. ಒಂದರಲ್ಲಿ ಡಬ್ಬಣ್ಣನ ಡ್ರಮ್ಮಿನಡಿ ಅಣ್ಣ ಪೂರ್ತಿ ಮುಳುಗಿದ್ದ, ಇನ್ನೊಂದರಲ್ಲಿ ಯಾರದೋ ಮಗು ಅಳುತ್ತಿತ್ತು, ಹಿಂದಿನಿಂದ ಸೊಳ್ಳೆ ಗುಂಯ್ಗುಟ್ಟಿದಂತೆ ಗಿಟಾರು. ಸರಿ, ನೆನಪಿನಿಂದಲೇ ಮಾಡುತ್ತೇನೆ ಎಂದು ಕಣ್ಣು ಮುಚ್ಚಿದ. ನಲವತ್ತೆಂಟು ವರ್ಷ ಜೊತೆಗಿದ್ದ ಅಣ್ಣ, ಮೂವತ್ತು ವರ್ಷ ನುಡಿಸಿದ ಗಿಟಾರು. ಏನೂ ಬರಲಿಲ್ಲ. ನಾಲ್ಕನೆಯದು ಮಂಕು, ಒಂದನೆಯದು ಚೂಪಿಲ್ಲ, ಸ್ವಿಚ್ಚು ತಡವರಿಸುತ್ತದೆ, ವಯರು ಹಳತು, ಇವೆಲ್ಲ ನೆನಪಾದವು. ದೋಷಗಳ ಪಟ್ಟಿ ಒಂದೂ ಬಿಡದೆ ಬಾಯಿಪಾಠವಾಗಿತ್ತು. ಅಣ್ಣ ನುಡಿಸುವಾಗಲೆಲ್ಲ ಅವನು ಮುಂದಿನ ಸಾಲಿನಲ್ಲಿ ಕೂತು, ತಲೆ ಓರೆ ಮಾಡಿ, ಕೆಟ್ಟದ್ದು ಯಾವುದು ಎಂದಷ್ಟೇ ಕೇಳಿಸಿಕೊಂಡಿದ್ದ. ಅಣ್ಣ ಹಾಡಿನ ನಡುವೆ ತಲೆಯೆತ್ತಿ ಇವನ ಕಡೆ ನೋಡುತ್ತಿದ್ದ, ಹೇಗಿದೆ ಅನ್ನುವ ಹಾಗೆ. ಇವನು ಕೈಸನ್ನೆಯಲ್ಲಿ ನಾಲ್ಕು ಬೆರಳು ತೋರಿಸುತ್ತಿದ್ದ. ನಾಲ್ಕನೆಯದು ಕೇಳ್ತಿಲ್ಲ. ಈಗ ಅವನು ಬೆಂಚಿನ ಮೇಲೆ ತಲೆಯಿಟ್ಟ. ಆಸ್ಪತ್ರೆಯಲ್ಲಿ ಅಣ್ಣನ ಕೈ ಹಿಡಿದುಕೊಂಡಿದ್ದಾಗ ಬಾರದ ಅಳು ಈಗಲೂ ಬರಲಿಲ್ಲ.

ಅಂದಾಜಿನ ಮೇಲೆ ಮಾಡಿದ. ಇಷ್ಟು ವಯಸ್ಸಿನ ಗಿಟಾರುಗಳಲ್ಲಿ ಸಾಮಾನ್ಯವಾಗಿ ಇರುವಷ್ಟಕ್ಕೆ ಆರೂ ಕಡ್ಡಿಗಳನ್ನು ಇಳಿಸಿ, ತಂತಿ ಬಿಗಿದು ನುಡಿಸಿ ನೋಡಿದ. ಹಳೆಯ ಗಿಟಾರಿನ ಹಾಗೆ ಕೇಳಿಸಿತು. ಯಾರದೋ ಹಳೆಯ ಗಿಟಾರು.

ಅತ್ತಿಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ, "ಆಯ್ತಾ?" ಎಂದಳು. ಆಯ್ತು ಅತ್ತಿಗೆ, ಕೂತ್ಕೊಳ್ಳಿ ಎಂದು ಅವನು ಸ್ಟೂಲಿನ ಮೇಲಿನ ಸಾಮಾನು ತೆಗೆದ. ಅವಳು ಕೂರದೆ, ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿಯೇ, ತೋರುಬೆರಳಿನಿಂದ ದಪ್ಪ ತಂತಿಯನ್ನು ಮೀಟಿದಳು. ಆಮೇಲೆ ಮುಂದಿನದು. ಅದರ ಮುಂದಿನದು. ನುಡಿಸುವವರ ಹಾಗಲ್ಲ, ಮಲಗಿದ ಮಗುವಿನ ಹಣೆ ಬಿಸಿಯಿದೆಯೇ ಎಂದು ನೋಡುವವರ ಹಾಗೆ. ಅವನು ಅವಳ ಬೆರಳು ನೋಡದೆ ಮುಖ ನೋಡುತ್ತಿದ್ದ. ಆರೂ ಮುಗಿಯಿತು. ಅವಳು ಮತ್ತೆ ಮೊದಲಿನಿಂದ ಮೀಟಿದಳು. ಸ್ಪೀಕರಿನ ಕಡೆ ತಿರುಗಿ, "ಇದು ನಿನ್ನ ಪೆಟ್ಟಿಗೆ ಅಲ್ವಾ, ಅದಕ್ಕೇ ಇರಬೇಕು," ಎಂದಳು.

"ಸಾಫ್ ಮಾಡಿದೀನಲ್ಲ ಅತ್ತಿಗೆ. ಧೂಳು ಹೋದ್ರೆ ಸ್ವಲ್ಪ ದಿನ ಹಿಂಗೇ. ಆಮೇಲೆ ಕೂತ್ಕೊಳ್ಳುತ್ತೆ."

"ಹಂಗಾ?" ಅವಳು ನಂಬಿದಳು. ಅವನ ಕೆಲಸದ ವಿಷಯದಲ್ಲಿ ಅವಳು ಯಾವತ್ತೂ ಅವನನ್ನು ನಂಬದೇ ಇದ್ದದ್ದಿಲ್ಲ. "ಮತ್ತೆ ಧೂಳು ಕೂತ್ರೆ ಮೊದಲಿನ ಹಾಗೆ ಆಗುತ್ತೆ ಅಲ್ವಾ? ಹಂಗಾದ್ರೆ ನಾನು ಇನ್ನು ಒರೆಸೋಕೇ ಹೋಗಲ್ಲ ಬಿಡು. ದಿನಾ ಒರೆಸ್ತಿದ್ದೆ."

ಹಾಸಿಗೆಯ ಬಟ್ಟೆ ಬಿಚ್ಚಿ, ಗಿಟಾರನ್ನು ಅದರ ಮೇಲಿಟ್ಟು, ಅವಳು ಒಂದು ತುದಿ ಮಡಿಸಿದಳು. ಒಂದು ವರ್ಷ, ಎರಡು ವರ್ಷ, ದಿನಾ ಸಂಜೆ ಆರು ತಂತಿ ಮೀಟಿ, ಇನ್ನೂ ಧೂಳು ಕೂತಿಲ್ಲ ಅಂದುಕೊಳ್ಳುತ್ತಾಳೆ. ಇವನು ಅವಳ ಮನೆಗೆ ಹೋದಾಗ ನೋಡು, ಇನ್ನೂ ಕೂತಿಲ್ಲ ಎಂದು ಹೇಳುತ್ತಾಳೆ. ಬೈದು ಹೇಳುವುದಿಲ್ಲ, ಸುಮ್ಮನೆ ಹೇಳುತ್ತಾಳೆ. ಅವನು ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡ. "ಅತ್ತಿಗೆ, ಸುಳ್ಳು ಹೇಳಿದೆ." ಆಮೇಲೆ ನಿಲ್ಲಿಸಲು ಆಗಲಿಲ್ಲ. ದವಡೆ, ಕಡ್ಡಿ, ಬರೆಯದೆ ಬಿಟ್ಟ ಪಟ್ಟಿ, ಯಾವನದೋ ಬೆಸುಗೆ, ಪಾರ್ಟಿಯ ನಗು, ಎಲ್ಲವನ್ನೂ ತಲೆಬುಡವಿಲ್ಲದೆ ಹೇಳಿದ. ಐವತ್ತರ ಹತ್ತಿರ ಬಂದ ಗಂಡಸು, ಚಾಡಿ ಹೇಳುವ ಮಗುವಿನ ಹಾಗೆ, "ನಂಗೆ ಕೊಡಬಹುದಿತ್ತಲ್ಲ ಅತ್ತಿಗೆ, ಬರೀ ಒಂದು ಸ್ವಿಚ್ಚು," ಎಂದು ಎರಡು ಸಲ ಹೇಳಿದ್ದು ಅವನಿಗೇ ಕೇಳಿಸಿ ನಾಚಿಕೆಯಾಯಿತು.

ಅತ್ತಿಗೆ ಈಗ ಸ್ಟೂಲಿನ ಮೇಲೆ ಕೂತಳು. "ಆ ಸ್ವಿಚ್ಚು ನಿಂಗೆ ಕೊಟ್ಟಿದ್ರೆ ನೀನು ಪೂರ್ತಿ ಬಿಚ್ಚಿರ್ತಿದ್ದೆ," ಎಂದಳು. "ಬೇಡ ಅಂದ್ರೆ ನಿಂಗೆ ಬೇಜಾರು. ಅದಕ್ಕೇ ಗೊತ್ತಾಗದ ಹಾಗೆ ಅಲ್ಲಿ ಮಾಡಿಸಿದ್ರು. ಅವನಿಗೆ ಹೇಳಬೇಡ ಅಂತ ನಂಗೂ ಹೇಳಿದ್ರು." ಅವಳ ಮುಖದಲ್ಲಿ ಸಿಟ್ಟು ಹುಡುಕಿದ, ಇದ್ದಿದ್ದರೆ ಹಗುರವಾಗುತ್ತಿತ್ತು. ಅವಳು ತನ್ನ ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ ಕೇಳಿದಳು, "ವಾಪಸ್ ಮಾಡೋಕೆ ಆಗಲ್ವಾ?"

"ಎಷ್ಟಿತ್ತು ಅಂತ ಗೊತ್ತಿಲ್ಲ. ನೀವು ಕೇಳಿ ಹೇಳಿದ್ರೆ ಆಗಬಹುದು."

"ನಾನಾ?" ಎಂದು ಅವಳು ಸುತ್ತ ನೋಡಿದಳು. "ಎದುರಿಗೆ ಕೂತ್ರೆ ನಂಗೆ ಗೊತ್ತಾಗಲ್ಲಪ್ಪ. ನಿಮ್ಮಣ್ಣನ ಎದುರಿಗೆ ಕೂತು ನಾನ್ಯಾವತ್ತು ಕೇಳಿದ್ದೆ? ಬಾಗಿಲು ಹಾಕ್ಕೊಂಡು ನುಡಿಸೋರು, ನಾನು ಈಚೆ ಅಡುಗೆ ಮನೇಲಿ ಇರ್ತಿದ್ದೆ. ಈಗಲೂ ಅಷ್ಟೇ, ಮೀಟಿಬಿಟ್ಟು ಓಡಿಹೋಗಿ ಅಡುಗೆ ಮನೇಲಿ ನಿಂತ್ಕೋತೀನಿ. ಕೊನೇ ತಂತಿ ಸದ್ದಷ್ಟೇ ಕಿವಿಗೆ ಸಿಗುತ್ತೆ." ಅಂಗಡಿಗೆ ಹಿಂದೊಂದು ಕೋಣೆಯಿತ್ತು, ಖಾಲಿ ರಟ್ಟಿನ ಪೆಟ್ಟಿಗೆಗಳು, ಹರಿದ ಸ್ಪೀಕರುಗಳು. ಅವಳು ತಾನೇ ಎದ್ದು ಹೋಗಿ, ಒಳಗೆ ನಿಲ್ಲುವಷ್ಟು ಜಾಗ ಮಾಡಿಕೊಂಡು, ಬಾಗಿಲು ಹಾಕಿಕೊಂಡಳು.

ಮರದ ಬಾಗಿಲು. ಕೆಳಗೆ ಒಂದು ಬೆರಳಗಲ ಸಂದು. ಅವನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿ ಮೀಟಿದ. ಒಳಗಿನಿಂದ, "ಜಾಸ್ತಿಯಾಯ್ತು," ಎಂಬ ದನಿ. ತಂತಿ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಕಡ್ಡಿಗೆ ಸಣ್ಣ ಅಯಸ್ಕಾಂತ ತೋರಿಸಿ, ಮತ್ತೆ ಬಿಗಿದು, ಮೀಟಿದ. "ಇನ್ನೂ." ಮತ್ತೆ. "ಇನ್ನೊಂಚೂರು. ಹಾಂ, ಅದು ಸರಿ. ಮುಂದಿನದು." ಒಂದೊಂದು ತಂತಿಗೆ ಕಾಲು ಗಂಟೆ ಹಿಡಿಯಿತು. ಅವಳಿಗೆ ಅನುಮಾನವೇ ಇರಲಿಲ್ಲ. ಅಂಗಡಿಯ ಮೀಟರು ಹೇಳುವುದಕ್ಕಿಂತ ಖಚಿತವಾಗಿ, ಬಾಗಿಲಾಚೆಯಿಂದ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು, ಹೆಚ್ಚು ಕಮ್ಮಿ ಎಂದು ಹೇಳುತ್ತ ಹೋದಳು. ಇಪ್ಪತ್ತೆರಡು ವರ್ಷ ಒಗ್ಗರಣೆ ಹಾಕುತ್ತ, ಪಾತ್ರೆ ತೊಳೆಯುತ್ತ, ಅವಳು ಇದನ್ನೆಲ್ಲ ಎಲ್ಲಿ ತುಂಬಿಟ್ಟುಕೊಂಡಿದ್ದಳೋ. ಇವನಿಗೆ ಹೊಟ್ಟೆಕಿಚ್ಚಾಯಿತು, ತನ್ನ ಹತ್ತಿರ ಏನೂ ಇಲ್ಲವಲ್ಲ ಎಂದು. ನಾಲ್ಕನೆಯದು ಮಾತ್ರ ಕೂಡಲಿಲ್ಲ. ಎಷ್ಟು ಇಳಿಸಿದರೂ, "ಅಲ್ಲ," "ಅದಲ್ಲ." ಕಡ್ಡಿಯಲ್ಲಿ ಇನ್ನು ಇಳಿಸಲು ಹೆಚ್ಚೇನೂ ಉಳಿದಿರಲಿಲ್ಲ.

"ಅದನ್ನ ಮಾತ್ರ ಸ್ವಲ್ಪ ಜೋರಾಗಿ ಮೀಟೋರು," ಎಂದಳು ಒಳಗಿನಿಂದ. "ಸಿಟ್ಟು ಬಂದಿರೋ ಹಾಗೆ. ಹೊಡಿ, ಏನಾಗಲ್ಲ."

ಆಗ ಅವನಿಗೆ ಅರ್ಥವಾಯಿತು. ನಾಲ್ಕನೆಯ ಕಡ್ಡಿ ಎಲ್ಲಕ್ಕಿಂತ ಬಡವಾಗಿತ್ತು, ಅಣ್ಣನಿಗೆ ಅದು ಗೊತ್ತಿತ್ತು. ರಿಪೇರಿ ಮಾಡಿಸಲಿಲ್ಲ. ಅದರಲ್ಲಿ ಕಮ್ಮಿಯಿದ್ದದ್ದನ್ನು ಬೆರಳಿನಿಂದ ತುಂಬಿಕೊಡುತ್ತಿದ್ದ, ಪ್ರತಿ ಸಲ, ಯೋಚಿಸದೆ. ಭಾನುವಾರದ ಊಟದಲ್ಲಿ ಇವನು ಮುಖ ಊದಿಸಿಕೊಂಡು ಕೂತಿದ್ದರೂ ಇಬ್ಬರ ಮಾತನ್ನೂ ತಾನೇ ಆಡಿ ಎದ್ದುಹೋಗುತ್ತಿದ್ದನಲ್ಲ, ಹಾಗೆ. ಅವನು ದಪ್ಪ ತಂತಿಯಿಂದ ಶುರುಮಾಡಿ ಒಂದೊಂದೇ ಮೀಟುತ್ತ ಬಂದು, ನಾಲ್ಕನೆಯದನ್ನು ಹೊಡೆದ. ಅದು ಎದೆಯ ಹತ್ತಿರ ಬಂದು ಮಾತಾಡಿತು. ಉಳಿದವು ಅದರ ಹಿಂದೆ ಮುಂದೆ ಸರಿಯಾಗಿ ಸಾಲುಗೂಡಿದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಅಣ್ಣನನ್ನು ಕೇಳಿದ, ತಪ್ಪು ಹುಡುಕದೆ. ಎಷ್ಟು ಚೆನ್ನಾಗಿತ್ತು. ಅಣ್ಣ ಸತ್ತುಹೋಗಿದ್ದಾನೆ ಅನ್ನುವುದು ಆಗ ಗೊತ್ತಾಯಿತು. ಕಣ್ಣೆದುರಿನ ತಂತಿಗಳು ಮಸುಕಾದವು. ಇನ್ನೊಮ್ಮೆ ಆರನ್ನೂ ಮೀಟಿದ. ಕೊನೆಯ ತಂತಿ ತಾನಾಗಿಯೇ ಸುಮ್ಮನಾಗುವವರೆಗೆ ಕಾದ.

ಆಮೇಲೆ ಬಾಗಿಲಾಚೆಯಿಂದ ಅವಳ ದನಿ ಬಂತು. ಇಷ್ಟು ಹೊತ್ತು ಇವನೊಂದಿಗೆ ಮಾತಾಡಿದ ದನಿಯಲ್ಲ. ಕೆಲಸದ ನಡುವೆ, ಕೈ ಒರೆಸಿಕೊಳ್ಳುತ್ತ, ಆ ಕಡೆ ತಿರುಗಿಯೂ ನೋಡದೆ, ದಿನಾ ಕೇಳುವ ಹಾಗೆ ಕೇಳಿದಳು.

"ಮುಗೀತಾ? ಊಟಕ್ಕೆ ಬಡಿಸ್ಲಾ?"

ಕೇಳಿದ ಮೇಲೆ ಅವಳಿಗೆ ತಾನು ಕೇಳಿದ್ದು ಕೇಳಿಸಿರಬೇಕು. ಒಳಗೆ ಒಂದು ರಟ್ಟಿನ ಪೆಟ್ಟಿಗೆ ಜರುಗಿದ ಸದ್ದಾಯಿತು, ಅವಳು ಅದಕ್ಕೆ ಒರಗಿದ ಹಾಗೆ. ಬಾಗಿಲ ಕೆಳಗಿನ ಸಂದಿನಲ್ಲಿ ಅವಳ ಪಾದದ ನೆರಳು ಅಲುಗಾಡದೆ ನಿಂತಿತ್ತು. ಅವನು ಏಳಬೇಕೆಂದುಕೊಂಡ, ಬಾಗಿಲು ತೆಗೆಯಬೇಕೆಂದುಕೊಂಡ. ತೆಗೆದರೆ ಅವಳ ಎದುರು ನಿಲ್ಲುವವನು ಇವನು. ಅಣ್ಣ ಏನು ಹೇಳುತ್ತಿದ್ದನೋ, ಬಂದೆ ಅನ್ನುತ್ತಿದ್ದನೋ, ಇನ್ನೊಂದು ಐದು ನಿಮಿಷ ಅನ್ನುತ್ತಿದ್ದನೋ, ಅದೂ ಇವನಿಗೆ ತಿಳಿದಿರಲಿಲ್ಲ. ತಿಳಿದಿದ್ದು ಆರು ತಂತಿ ಮಾತ್ರ. ದಪ್ಪ ತಂತಿಯಿಂದ ಶುರುಮಾಡಿ ಮೀಟುತ್ತ ಬಂದು ನಾಲ್ಕನೆಯದನ್ನು ಜೋರಾಗಿ ಹೊಡೆದ. ಒಳಗೆ ಅತ್ತಿಗೆ ಬಾಯಿಗೆ ಏನನ್ನೂ ಅಡ್ಡ ಹಿಡಿಯದೆ ಅಳತೊಡಗಿದಳು. ಅವಳು ಸಾಕು ಅನ್ನುವವರೆಗೆ ನಿಲ್ಲಿಸಬಾರದು ಎಂದುಕೊಂಡು ಅವನು ಮತ್ತೆ ಮೊದಲಿನಿಂದ ಮೀಟಿದ. ಅವಳು ಸಾಕು ಅನ್ನಲಿಲ್ಲ.